ನಿಧಾನದಮ್ಮ

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಅವರೆಲ್ಲ ಪ್ರೆಸ್ಸಿನ ಮಾಳಿಗೆಯ ಮೇಲೆ ಸೇರುತ್ತಿದ್ದರು. ಸೇರುವುದು ಹಾಡು ಕೇಳುವುದಕ್ಕೆ. ಅದೂ ಊರೆಲ್ಲ ಕೇಳುವ ಹಾಡನ್ನಲ್ಲ. ಹೆಸರು ಮಾಡಿದವರನ್ನು ಕೇಳುವುದಕ್ಕೆ ಊರಿದೆ, ಅವರಿಗೆ ನಮ್ಮ ಕಿವಿಯ ಹಂಗಿಲ್ಲ ಎಂದು ಪ್ರೆಸ್ಸು ನಡೆಸುತ್ತಿದ್ದ ಹಿರಿಯರು, ಎಲ್ಲರ ಬಾಯಲ್ಲಿ ಪ್ರೆಸ್ಸಿನವರು, ಹೇಳುತ್ತಿದ್ದರು. ಚೆನ್ನಾಗಿ ಹಾಡಿಯೂ, ಚೆನ್ನಾಗಿ ನುಡಿಸಿಯೂ ಯಾರ ಕಿವಿಗೂ ಬೀಳದೆ ಮೂಲೆಗುಂಪಾದವರನ್ನು ಹುಡುಕಿ ತಂದು ಒಬ್ಬರಿಗೊಬ್ಬರು ಕೇಳಿಸುವುದು ಆ ಕೂಟದ ಕೆಲಸ.

ಅದಕ್ಕೊಂದು ಕಟ್ಟಳೆಯಿತ್ತು. ವಾರಕ್ಕೆ ಒಬ್ಬರ ಪಾಳಿ. ಪಾಳಿಯವರು ಮೂರು ಹಾಡು ಹಾಕಬೇಕು. ಮೂರೂ ಮುಗಿಯುವ ತನಕ ಹಾಡಿದ್ದು ಯಾರು, ಎಲ್ಲಿಯವರು, ಅವರ ಕಷ್ಟಸುಖವೇನು, ಒಂದಕ್ಕೂ ಬಾಯಿ ಬಿಡಬಾರದು. ಮೊದಲೇ ಹೊಗಳಿದರೆ ಕಿವಿ ಲಂಚ ತಿಂದ ಹಾಗೆ. ಕೇಳುವವರಲ್ಲಿ ಯಾರಾದರೂ ದನಿಯ ಗುರುತು ಹಿಡಿದುಬಿಟ್ಟರೆ ತಂದವರು ಸೋತರು, ಎಲ್ಲರಿಗೂ ಚಹಾ ತರಿಸಬೇಕು. ಯಾರೂ ಹಿಡಿಯದಿದ್ದರೆ ಚಹಾ ಪ್ರೆಸ್ಸಿನವರದು.

ಕೂಟ ಎಂದರೆ ದೊಡ್ಡದೇನಲ್ಲ, ಮೂರು ಜನ. ಪ್ರೆಸ್ಸಿನವರು ಕೆಳಗೆ ರಸೀದಿ ಪುಸ್ತಕ, ಕರಪತ್ರ, ಔಷಧಿ ಡಬ್ಬಿಯ ಚೀಟಿ ಅಚ್ಚು ಹಾಕಿ ಬದುಕುವವರು. ಅರವತ್ತು ದಾಟಿತ್ತು, ಬೆರಳಿನ ಸಂದಿಯ ಮಸಿ ಮಾತ್ರ ಯಾವ ಸೋಪಿಗೂ ಜಗ್ಗಿರಲಿಲ್ಲ. ಕಂಡಕ್ಟರಣ್ಣ ವಾರಕ್ಕೆ ಆರು ದಿನ ಬಸ್ಸಿನಲ್ಲಿ ಕೂಗಿ ಏಳನೆಯ ದಿನವೂ ದನಿ ತಗ್ಗಿಸಲು ಮರೆತವನು. ನರ್ಸಕ್ಕನಿಗೆ ವಾರದಲ್ಲಿ ನಾಲ್ಕು ರಾತ್ರಿ ಪಾಳಿ. ಎರಡನೆಯ ಹಾಡಿನ ಹೊತ್ತಿಗೆ ಅವಳ ತಲೆ ಗೋಡೆಗೆ ಒರಗಿರುತ್ತಿತ್ತು. ನಿದ್ದೆ ಮಾಡಿದಳೋ ಕೇಳಿದಳೋ ಯಾರಿಗೂ ತಿಳಿಯುತ್ತಿರಲಿಲ್ಲ. ಕೇಳಿದರೆ, "ಎರಡೂ ಮಾಡ್ದೆ, ಏನೀಗ?" ಎನ್ನುತ್ತಿದ್ದಳು.

ನಾಲ್ಕನೆಯವಳು ಬಂದದ್ದು ಸ್ಪೀಕರ್ ರಿಪೇರಿಗೆ. ಎರಡು ಬೀದಿ ಆಚೆ ಅವಳ ಸೋದರಮಾವನದು ರಿಪೇರಿ ಅಂಗಡಿ. ರೇಡಿಯೊ, ಮಿಕ್ಸಿ, ಫ್ಯಾನು, ಹಳೆಯ ಟೇಪ್ ರೆಕಾರ್ಡರು, ಎಲ್ಲ ಅಲ್ಲಿಗೇ ಬರುತ್ತಿದ್ದವು. ಎಂಟನೇ ಕ್ಲಾಸಿಗೆ ಅಪ್ಪ ಹಾಸಿಗೆ ಹಿಡಿದಾಗ ಶಾಲೆ ಬಿಟ್ಟವಳು, ಅಂದಿನಿಂದ ಮಾವನ ಪಕ್ಕದ ಸ್ಟೂಲಿನಲ್ಲಿ ಕೂತವಳು. ಈಗ ಇಪ್ಪತ್ತೆರಡು. ಯಾರಾದರೂ ಮಾತಾಡಿಸಿದರೆ ಮೊದಲು ಮಾವನ ಮುಖ ನೋಡುತ್ತಿದ್ದಳು. ಮಾವ ಇಲ್ಲದಿದ್ದರೆ ತನ್ನ ಕೈಯನ್ನು. ಆದರೆ ಕಣ್ಣಿಗೆ ಬಿದ್ದದ್ದನ್ನು ಬಿಡುವವಳಲ್ಲ. ಗಿರಾಕಿ ಬಾಗಿಲು ದಾಟುವ ಮೊದಲೇ ಅವರ ಕೈಯಲ್ಲಿರುವ ವಸ್ತು ನಿಜವಾಗಿ ಕೆಟ್ಟಿದೆಯೋ ಅಥವಾ ಮನೆಯಲ್ಲಿ ಜಗಳವಾಗಿ ಎತ್ತಿ ಬಿಸಾಡಿದ್ದೋ ಎಂದು ಅವಳಿಗೆ ಗೊತ್ತಾಗಿಬಿಡುತ್ತಿತ್ತು.

ಸ್ಪೀಕರು ಸರಿಹೋಗಿದೆಯೋ ಎಂದು ನೋಡಲು ಒಂದು ಹಾಡು ಮುಗಿಯುವ ತನಕ ಇರು ಎಂದರು. ಇದ್ದಳು. ಮುಂದಿನ ವಾರವೂ ಏನೋ ಒಂದು ವೈರು ಹಿಡಿದು ಬಂದಳು. ಅದರ ಮುಂದಿನ ವಾರವೂ. ಕಂಡಕ್ಟರಣ್ಣ ಅವಳಿಗೆ 'ವೈರಮ್ಮ' ಎಂದು ಹೆಸರಿಟ್ಟ. ಕಾಗದದ ಬಂಡಲಿನ ಮೇಲೆ ಕೂತು ಏಳು ತಿಂಗಳು ಒಂದು ಮಾತೂ ಆಡದೆ ಕೇಳಿದಳು. ಬೆಂಚುಗಳಿಗೆ ಬಣ್ಣ ಹಚ್ಚಿ ಬದುಕಿದ ಕೊಳಲಿನವನು, ಮೂರೇ ಸಲ ಧ್ವನಿಮುದ್ರಣವಾಗಿ ಮರೆತುಹೋದ ಪಿಟೀಲಿನ ಅಕ್ಕತಂಗಿಯರು, ಕೆಮ್ಮುತ್ತಲೇ ಹಾಡುವ ಒಬ್ಬ ಲಾರಿ ಚಾಲಕ. ಇವರನ್ನೆಲ್ಲ ಈ ಮೂರು ಜನ ಎಷ್ಟು ಅಕ್ಕರೆಯಿಂದ ಎತ್ತಿ ಹಿಡಿಯುತ್ತಿದ್ದರೆಂದರೆ, ಹೆಸರಿಲ್ಲದವರಿಗೂ ಒಂದು ಜಾಗವಿದೆ ಎಂದು ಅವಳಿಗೆ ಆ ಮಾಳಿಗೆಯಲ್ಲೇ ಮೊದಲ ಸಲ ಅನ್ನಿಸಿದ್ದು.

ಒಂದು ವಾರ ಕಂಡಕ್ಟರಣ್ಣನ ಪಾಳಿ. ಅವನು ಬಂದದ್ದು ಬರಿಗೈಯಲ್ಲಿ. "ಡಬಲ್ ಡ್ಯೂಟಿ ಹಾಕಿದ್ರು ಸ್ವಾಮಿ, ಹಾಡು ಹುಡುಕೋದಿರಲಿ, ನನ್ನ ಚಪ್ಪಲಿ ಹುಡುಕೋಕೂ ಪುರುಸೊತ್ತಿರಲಿಲ್ಲ."

"ಹಾಗಾದ್ರೆ ವೈರಮ್ಮ ಹಾಕ್ಲಿ," ಎಂದಳು ನರ್ಸಕ್ಕ, ಕಣ್ಣು ಮುಚ್ಚಿಕೊಂಡೇ. "ಇಷ್ಟು ದಿನ ನಮ್ಮದೆಲ್ಲ ಕೇಳಿ ಹೊಟ್ಟೆ ತುಂಬಿಸ್ಕೊಂಡಿದ್ದಾಳೆ."

ವೈರಮ್ಮನ ಕಿವಿ ಬಿಸಿಯಾಯಿತು. ಚೀಲದಿಂದ ಫೋನು ತೆಗೆದಳು. ಅದರಲ್ಲಿ ಒಬ್ಬ ಹಾಡುಗಾರ್ತಿ ಇದ್ದಳು. ಗುಜರಿಯವನು ಒಂದು ಒಡೆದ ರೇಡಿಯೊದ ಜೊತೆ ಸೇರಿಸಿ ಕೊಟ್ಟ ಕ್ಯಾಸೆಟ್ಟಿನಿಂದ ಇಳಿಸಿಕೊಂಡದ್ದು. ಚೀಟಿ ಕಿತ್ತುಹೋಗಿತ್ತು, ಹೆಸರಿಲ್ಲ. ಇಳಿಸಿದ್ದು ಒಂದೇ ಬದಿ; ಇನ್ನೊಂದು ಬದಿಗೆ ತಿರುಗಿಸಿದಾಗ ಟೇಪು ಸಿಕ್ಕಿಕೊಂಡು ನಿಂತಿತ್ತು. ವೈರು ಸಿಕ್ಕಿಸಿ ಒತ್ತಿದಳು.

ಹೆಂಗಸಿನ ದನಿ, ಆದರೆ ಬಾವಿಯ ತಳದಿಂದ ಬಂದಷ್ಟು ಆಳ. ಒಂದೊಂದು ಮಾತನ್ನೂ ಭಾರವಾದ ಹೊರೆಯಂತೆ ಎತ್ತಿ, ಸ್ವಲ್ಪ ನಿಂತು, ಇಳಿಸುತ್ತಿತ್ತು. ಎಳೆದ ಸ್ವರದ ತುದಿಯಲ್ಲಿ ಸಣ್ಣಗೆ ನಡುಗುತ್ತಿತ್ತು. ಹಿಂದೆ ಎಲ್ಲೋ ದೂರದಲ್ಲಿ ಗುಡುಗುಡು ಎನ್ನುವ ಒಂದು ಸದ್ದು. ಮೂರು ಹಾಡು ಮುಗಿದವು. ಕೆಳಗೆ ಮೆಷಿನ್ನಿನ ಎಣ್ಣೆ ಡಬ್ಬಿಗೆ ಬೆಕ್ಕು ಕಾಲು ತಾಗಿಸಿದ ಸದ್ದು ಕೇಳಿಸಿತು.

ನರ್ಸಕ್ಕ ಅವತ್ತು ನಿದ್ದೆ ಮಾಡಿರಲಿಲ್ಲ. "ಈಕೆಗೆ ಗೊತ್ತು ಕಣ್ರೀ," ಎಂದಳು. "ಬೆಳಗಿನ ಜಾವ ನಾಲ್ಕು ಗಂಟೆ ಅಂದ್ರೇನು ಅಂತ ಈಕೆಗೆ ಗೊತ್ತು."

"ಯಾರಮ್ಮ ಇವರು?" ಪ್ರೆಸ್ಸಿನವರ ದನಿ ಒಡೆದಿತ್ತು.

"ಹೆಸರು ಗೊತ್ತಿಲ್ಲ," ಎಂದಳು. ಆ ಮಾಳಿಗೆಯಲ್ಲಿ ಅವಳ ಮೊದಲ ಮಾತು ಅದು.

"ಹೆಸರಿಲ್ಲದಿದ್ರೆ ನಾವಿಡೋಣ," ಎಂದ ಕಂಡಕ್ಟರಣ್ಣ. "ಇಷ್ಟು ಆರಾಮಾಗಿ ಹಾಡ್ತಾಳೆ. ನಮ್ಮ ಬಸ್ಸು ಹತ್ತಿಸಿದ್ರೆ ಟೈಮಿಗೆ ಡಿಪೋ ಸೇರಲ್ಲ. ನಿಧಾನದಮ್ಮ!"

ಹೆಸರು ನಿಂತಿತು. ಅಂದಿನಿಂದ ವೈರಮ್ಮನಿಗೂ ಪಾಳಿ ಬಂತು, ಬೆಂಚಿನಲ್ಲಿ ಜಾಗ ಬಂತು. ಅವಳೇನಾದರೂ ಹೇಳಲು ಬಾಯಿ ತೆರೆದರೆ ಮೂರು ಜನ ತಮ್ಮ ಮಾತು ನಿಲ್ಲಿಸುತ್ತಿದ್ದರು. ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಅವಳಿಗಾಗಿ ಯಾರೂ ಮಾತು ನಿಲ್ಲಿಸಿದ್ದಿಲ್ಲ.

ನಿಧಾನದಮ್ಮ ನಿಧಾನವಾಗೇನೂ ಹಬ್ಬಲಿಲ್ಲ. ಕಂಡಕ್ಟರಣ್ಣ ತನ್ನ ಡಿಪೋದ ಅರ್ಧ ಜನರ ಫೋನಿಗೆ ಕಳಿಸಿದ. ನರ್ಸಕ್ಕ ವಾರ್ಡಿನವರಿಗೆ ಕೊಟ್ಟಳು. ಅವರು ಮನೆಯವರಿಗೆ, ಮನೆಯವರು ಇನ್ಯಾರಿಗೋ. ದಣಿದವರ ಹಾಡು ಎಂದು ಹೇಳಿ ಹೇಳಿ ದಾಟಿಸುತ್ತಿದ್ದರು. ಬೇರೆ ಊರುಗಳಲ್ಲೂ ಇಂಥ ಕೂಟಗಳಿದ್ದವು. ಅಲ್ಲಿಂದ ಪ್ರೆಸ್ಸಿನವರಿಗೆ ಪತ್ರ ಬಂತು: ಇಷ್ಟು ದೊಡ್ಡ ಕಲಾವಿದೆಯನ್ನು ಬಚ್ಚಿಟ್ಟುಕೊಂಡಿದ್ದೀರಲ್ಲ, ನಾವೂ ಬರುತ್ತೇವೆ, ಕೂತು ಕೇಳೋಣ. ತಿಂಗಳ ಕೊನೆಯ ಭಾನುವಾರ ಎಂದು ನಿಗದಿಯಾಯಿತು. ಪ್ರೆಸ್ಸಿನವರು ಹದಿನೈದು ದಿನ ಕೂತು ನಾಲ್ಕು ಪುಟದ ಲೇಖನ ಬರೆದು, ಮುನ್ನೂರು ಪ್ರತಿ ಅಚ್ಚು ಹಾಕಿಸಿದರು. ಇಂದಿನವರಿಗೆ ಇಲ್ಲದ ಉಸಿರಿನ ಉದ್ದದ ಬಗ್ಗೆ ಒಂದು ಪುಟ, ಸ್ವರದ ತುದಿಯ ಆ ನಡುಕದ ಬಗ್ಗೆ ಒಂದು ಪುಟ, ಹಿಂದೆ ಕೇಳಿಸುವ ಗುಡುಗುಡು ಯಾವುದೋ ಅಪರೂಪದ ಚರ್ಮವಾದ್ಯ ಇರಬೇಕೆಂದು ಅರ್ಧ ಪುಟ. ಅವಳನ್ನು ಹುಡುಕುವ ಪ್ರಯತ್ನವೂ ಆಯಿತು. ಗುಜರಿಯವನು, "ದಿನಕ್ಕೆ ನಲವತ್ತು ಬೀದಿ ತಿರುಗ್ತೀನಿ, ಯಾವ ಮನೇದು ಅಂತ ಯಾರಿಗ್ ನೆನಪಿರುತ್ತೆ ಸಾರ್?" ಎಂದು ಕೈ ಅಲ್ಲಾಡಿಸಿಬಿಟ್ಟ.

"ವೈರಮ್ಮ, ಆ ಇನ್ನೊಂದು ಬದಿನೂ ಇಳಿಸಿಬಿಡು," ಎಂದರು ಪ್ರೆಸ್ಸಿನವರು. "ಬಂದವರಿಗೆ ಹೊಸದು ಕೇಳಿಸಿದ ಹಾಗಾಗುತ್ತೆ."

ಅಂಗಡಿಯಲ್ಲಿ ಎರಡು ಟೇಪ್ ಡೆಕ್ ಇದ್ದವು. ಒಳ್ಳೆಯದು ಗಿರಾಕಿಗಳ ಕೆಲಸಕ್ಕೆ. ಅದನ್ನು ಮಾವ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಇನ್ನೊಂದು ಗುಜರಿಯಿಂದ ಎತ್ತಿದ್ದು, ಅವಳ ಪಾಲಿನದು. ಹಿಂದೆ ಆ ಟೇಪನ್ನು ಸಿಕ್ಕಿಸಿಕೊಂಡದ್ದೂ ಅದೇ. ಈ ಸಲ ಹಾಗಾಗದಿರಲಿ ಎಂದು ಮಾವನ ಮುಂದೆ ಇಟ್ಟಳು. ಮಾವ ಮುಚ್ಚಳ ಬಿಚ್ಚಿ, ಮೋಟಾರಿನಿಂದ ಚಕ್ರಕ್ಕೆ ಹಾಕಿದ್ದ ರಬ್ಬರ್ ಬೆಲ್ಟನ್ನು ಕಿರುಬೆರಳಲ್ಲಿ ಎತ್ತಿ ತೋರಿಸಿದ. ಅದು ಬೆಂದ ಶಾವಿಗೆಯ ಎಳೆಯ ಹಾಗೆ ಜೋತುಬಿತ್ತು.

"ಇದರಲ್ಲಿ ಹೇಗೆ ಓಡಿಸ್ತಿದ್ದೆಯೇ? ಇದಕ್ಕೂ ನನಗೂ ಒಂದೇ ವಯಸ್ಸು, ಒಂದೇ ಕಾಯಿಲೆ. ಎಳೆದ್ರೆ ಬರುತ್ತೆ, ಬಿಟ್ರೆ ನಿಲ್ಲುತ್ತೆ."

ಹೊಸ ಬೆಲ್ಟು ಹಾಕಿ, ಒಣಗಿದ ಗ್ರೀಸು ಕೆರೆದು, ಸ್ಕ್ರೂ ಬಿಗಿ ಮಾಡಿದ. ಅವಳು ಕ್ಯಾಸೆಟ್ಟು ತೂರಿಸಿ ಒತ್ತಿದಳು.

ಬಂದದ್ದು ಯಾರೋ ಹುಡುಗಿ. ತೆಳ್ಳನೆಯ, ಚುರುಕಾದ ದನಿ. ಮಾತುಗಳು ಒಂದರ ಹಿಂದೊಂದು ಓಡುತ್ತಿದ್ದವು. ವೈರಮ್ಮ ತಪ್ಪು ಕ್ಯಾಸೆಟ್ಟೆಂದು ತೆಗೆದು ನೋಡಿದಳು. ಅದೇ. ತಿರುಗಿಸಿ ಮೊದಲಿನ ಬದಿ ಹಾಕಿದಳು. ತನಗೆ ಬಾಯಿಪಾಠವಾಗಿದ್ದ ಹಾಡೇ, ಅದೇ ಮಾತುಗಳೇ. ಹಾಡುತ್ತಿರುವವಳು ಮಾತ್ರ ಬೇರೆ.

"ಮಾವ, ಬೆಲ್ಟು ಬಿಗಿಯಾಯ್ತೇನೋ. ಜೋರಾಗಿ ಓಡ್ತಿದೆ."

ಮಾವ ಮಾತಾಡದೆ ಅದೇ ಕ್ಯಾಸೆಟ್ಟನ್ನು ಒಳ್ಳೆಯ ಡೆಕ್ಕಿಗೆ ಹಾಕಿದ. ಅಲ್ಲಿಯೂ ಅದೇ ಹುಡುಗಿ. ಕ್ಯಾಸೆಟ್ಟಿನ ಮೇಲೆ ಅಚ್ಚಾಗಿದ್ದ ಅಂಕಿ ತೋರಿಸಿದ. "ಅರವತ್ತು ನಿಮಿಷದ್ದು. ಬದಿಗೆ ಮೂವತ್ತು. ನಿನ್ನ ಫೋನಲ್ಲಿರೋದು ಎಷ್ಟಿದೆ ನೋಡು."

ನೋಡುವ ಅಗತ್ಯವಿರಲಿಲ್ಲ. ಮೂವತ್ತಾರು. ದಿನಾ ಕಣ್ಣಿಗೆ ಬೀಳುತ್ತಿದ್ದ ಅಂಕಿ. ಯಾರದೋ ಮಿಕ್ಸಿ ಬಿದ್ದದ್ದೋ ಬಿಸಾಡಿದ್ದೋ ಎಂದು ದೂರದಿಂದಲೇ ಹೇಳುವವಳಿಗೆ ಆರು ನಿಮಿಷ ಕಂಡಿರಲಿಲ್ಲ.

ಉದ್ದದ ಉಸಿರು ಬೆಲ್ಟಿನದು. ಸ್ವರದ ತುದಿಯ ನಡುಕ ಒಣಗಿದ ಗ್ರೀಸಿನದು. ನಿಧಾನದಮ್ಮ ಎಂಬುವಳು ಇರಲೇ ಇಲ್ಲ.

ಮೂರು ದಿನ ಅವಳಿಗೆ ಅನ್ನ ಸೇರಲಿಲ್ಲ. ಎದುರು ಕೂತ ಗಿರಾಕಿ ಎರಡೆರಡು ಸಲ ಕೇಳಬೇಕಾಗುತ್ತಿತ್ತು. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಹಳೆಯ ಬೆಲ್ಟು ಕಸದ ಡಬ್ಬಿಯಲ್ಲೇ ಇದೆ, ಎತ್ತಿ ಹಾಕಿ ಇನ್ನೊಂದು ಬದಿಯನ್ನೂ ಹಾಗೇ ಇಳಿಸಬಹುದು. ಹೇಳಿದರೆ? ಬೆಂಚಿನ ಜಾಗ ಹೋಗುತ್ತದೆ. ಒಂದು ಸಡಿಲ ಬೆಲ್ಟನ್ನು ಮುನ್ನೂರು ಪ್ರತಿ ಹೊಗಳಿಸಿದವಳ ಮಾತಿಗೆ ಮತ್ತೆ ಯಾರು ಮಾತು ನಿಲ್ಲಿಸುತ್ತಾರೆ? ಆದರೆ ಇಯರ್‌ಫೋನ್ ಹಾಕಿಕೊಂಡು ಆ ಚುರುಕು ಹುಡುಗಿಯನ್ನು ಮತ್ತೆ ಮತ್ತೆ ಕೇಳುತ್ತಿದ್ದಳು. ಇವಳದು ಊರಿಲ್ಲ, ಹೆಸರಿಲ್ಲ, ಮುಖವಿಲ್ಲ. ಉಳಿದದ್ದು ಈ ದನಿ ಒಂದೇ. ಎತ್ತಿ ಹಿಡಿಯುತ್ತೇನೆಂದು ಹೋಗಿ ಅದನ್ನೂ ಅಳಿಸಿ, ಅದರ ಮೇಲೆ ಬೇರೊಬ್ಬಳನ್ನು ಕೂರಿಸಿದ್ದಾಯಿತು.

ಬೇರೆ ಊರಿನವರು ಬರುವುದಕ್ಕೆ ಒಂದು ವಾರ ಮುಂಚಿನ ಭಾನುವಾರ ಅವಳ ಪಾಳಿ. ಮಾತಿನಿಂದ ಶುರು ಮಾಡುವುದು ಬೇಡವೆಂದು ತೀರ್ಮಾನಿಸಿದ್ದಳು. ಕಟ್ಟಳೆಯಂತೆ ಮೊದಲು ಮೂರು ಹಾಡು ಹಾಕಿದಳು. ಇನ್ನೊಂದು ಬದಿಯವು, ಅವರ್‍ಯಾರೂ ಕೇಳಿರದವು, ಸರಿಯಾದ ಓಟದವು.

ಕೇಳಿದರು. ಪ್ರೆಸ್ಸಿನವರು ಎರಡನೆಯ ಹಾಡಿಗೇ ಕನ್ನಡಕ ಒರೆಸಲು ತೊಡಗಿದರು. ಅದು ಮನಸ್ಸು ಬೇರೆ ಕಡೆ ಹೋದದ್ದರ ಗುರುತು.

"ಪರವಾಗಿಲ್ಲ," ಎಂದ ಕಂಡಕ್ಟರಣ್ಣ. "ಚೆನ್ನಾಗೇ ಹಾಡ್ತಾಳೆ. ಆದ್ರೆ ವೈರಮ್ಮ, ಇಂಥೋರು ನನ್ನ ಬಸ್ಸಲ್ಲೇ ದಿನಕ್ಕಿಬ್ರು ಹತ್ತಿ ಇಳೀತಾರೆ. ನಾನು ಸೋತೆ, ಯಾರು ಅಂತ ಗೊತ್ತಿಲ್ಲ."

"ದನಿ ಇನ್ನೂ ಎಳಸು," ಎಂದರು ಪ್ರೆಸ್ಸಿನವರು. "ಆತುರ ಜಾಸ್ತಿ. ನಿಧಾನದಮ್ಮನ್ನ ಕೇಳಿದ ಕಿವಿಗೆ ಇದು ಸಪ್ಪೆ ಅನ್ಸುತ್ತಮ್ಮ. ಬೇಜಾರು ಮಾಡ್ಕೋಬೇಡ. ಯಾರಿದು?"

ವೈರಮ್ಮ ನಾಲ್ಕನೆಯ ಹಾಡು ಒತ್ತಿದಳು.

"ಏಯ್, ಮೂರೇ ಕಣಮ್ಮ ಲೆಕ್ಕ," ಎಂದ ಕಂಡಕ್ಟರಣ್ಣ. ಅಷ್ಟರಲ್ಲಿ ಮೊದಲ ಸಾಲು ಬಂತು. ಅವರೆಲ್ಲರಿಗೂ ಬಾಯಿಪಾಠವಾಗಿದ್ದ ಸಾಲು. ನರ್ಸಕ್ಕ ಗೋಡೆಯಿಂದ ತಲೆ ಎತ್ತಿದಳು. ಎರಡನೆಯ ಸಾಲಿಗೆ ಪ್ರೆಸ್ಸಿನವರ ಕೈ ಕನ್ನಡಕದ ಮೇಲೆ ನಿಂತಿತು.

"ನಮ್ಮ ಹಾಡು ಇನ್ಯಾರೋ ಹಾಡಿದ್ದಾರೆ," ಎಂದರು.

"ಇನ್ಯಾರೋ ಅಲ್ಲ," ಎಂದಳು ವೈರಮ್ಮ. ದನಿ ಅವಳಿಗೇ ಕೇಳಿಸಲಿಲ್ಲ. ಕೆಮ್ಮಿ ಮತ್ತೆ ಹೇಳಿದಳು. "ಇವರೇ ಅವರು. ನನ್ನ ಡೆಕ್ಕಿನ ಬೆಲ್ಟು ಸಡಿಲ ಇತ್ತು. ಮೂವತ್ತು ನಿಮಿಷದ್ದು ಮೂವತ್ತಾರು ಓಡಿದೆ. ನಾನು ನೋಡಿದ್ದೆ. ನೋಡಿದ್ರೂ ಹೊಳೀಲಿಲ್ಲ. ಅವರು ಹಾಡಿದ್ದು ಹೀಗೇ. ನಾವು ಇಷ್ಟು ದಿನ ಕೇಳಿದ್ದು… ಅದು ಮೆಷಿನ್ನು."

ಜೀವಮಾನದಲ್ಲಿ ಒಟ್ಟಿಗೆ ಅಷ್ಟು ಮಾತು ಆಡಿದ್ದು ಅವಳಿಗೆ ನೆನಪಿರಲಿಲ್ಲ.

ಮೊದಲು ನಕ್ಕದ್ದು ಕಂಡಕ್ಟರಣ್ಣ. ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ದೇವರೇ! ಡಿಪೋ ಮ್ಯಾನೇಜರಪ್ಪ ಈ ಬೆಲ್ಟು ಕೇಳಿ ಕಣ್ಣೀರು ಹಾಕಿದಾನ್ರೀ!" ಆಮೇಲೆ ಪ್ರೆಸ್ಸಿನವರ ಮುಖ ನೋಡಿ ನಗು ನುಂಗಿಕೊಂಡ.

ಪ್ರೆಸ್ಸಿನವರು ಕನ್ನಡಕ ಹಾಕಿಕೊಂಡರು, ತೆಗೆದರು. "ಮುನ್ನೂರು ಪ್ರತಿ," ಎಂದರು. ವೈರಮ್ಮನ ಕಡೆ ತಿರುಗಿ, "ನೋಡಮ್ಮ. ಅವರು ಬರೋದು ಮುಂದಿನ ವಾರ. ಈ ಮಾತು ನಾವು ನಾಲ್ಕು ಜನರಲ್ಲೇ ಇರ್ಲಿ. ಹಳೇದೇ ಹಾಕೋಣ. ಯಾರಿಗೇನು ನಷ್ಟ? ಆ ದನಿ ಕೇಳಿ ಎಷ್ಟು ಜನಕ್ಕೆ ಸಮಾಧಾನ ಸಿಕ್ಕಿದೆ. ಅದು ಸುಳ್ಳಾ?"

ಅವಳು ನೆಲ ನೋಡಿದಳು. ಅವರು ಕೆಟ್ಟ ಮನುಷ್ಯರಲ್ಲ. ಅವರ ದನಿಯಲ್ಲಿ ಬೇಡಿಕೆಯಿತ್ತು. ಆಯ್ತು ಎಂದುಬಿಟ್ಟರೆ ಎಲ್ಲವೂ ಹೋದ ವಾರದಂತೆಯೇ ಇರುತ್ತದೆ. ಅವಳು ಸೋತು ಹೋಗಿದ್ದಳು. ಮೂರು ದಿನದ ನಿದ್ದೆ ಬಾಕಿಯಿತ್ತು.

"ಸಮಾಧಾನ ಸುಳ್ಳಲ್ಲ," ಎಂದಳು. "ಆದ್ರೆ ಅದು ಅವರಲ್ಲ."

"ಮತ್ತೊಂದ್ಸಲ ಹಾಕು," ಎಂದಳು ನರ್ಸಕ್ಕ. "ಇವತ್ತಿನ ಮೊದಲನೇದು. ಯಾರೂ ಮಾತಾಡಬೇಡಿ."

ಹಾಕಿದಳು. ನರ್ಸಕ್ಕ ಮುಂದೆ ಬಾಗಿ, ಮೊಣಕೈ ಮಂಡಿಗೆ ಊರಿ ಕೇಳಿದಳು, ರೋಗಿಯ ಎದೆಗೆ ಕಿವಿಗೊಟ್ಟ ಹಾಗೆ. ಹಾಡು ಅರ್ಧಕ್ಕೆ ಬಂದಾಗ ಬೆರಳೆತ್ತಿದಳು.

"ಹಿಂದೆ ಅದೇನು ಸದ್ದು ಗೊತ್ತಾಯ್ತಾ? ನಿಮ್ಮ ಚರ್ಮವಾದ್ಯ?"

ಎಲ್ಲರೂ ಕಿವಿಗೊಟ್ಟರು. ಸರಿಯಾದ ಓಟದಲ್ಲಿ ಅದು ಸ್ಪಷ್ಟವಾಗಿತ್ತು. ನಲ್ಲಿ. ಬಕೆಟ್ಟಿಗೆ ನೀರು ಬೀಳುವ ಸದ್ದು. ತುಂಬುತ್ತಾ ತುಂಬುತ್ತಾ ಸಣ್ಣಗಾಗಿ ಮೇಲೇರುತ್ತಿತ್ತು. ಹಾಡೂ ಅದರ ಜೊತೆ ಓಡುತ್ತಿತ್ತು. ಬಕೆಟ್ಟು ತುಂಬುವುದಕ್ಕೂ ಕೊನೆಯ ಸಾಲು ಮುಗಿಯುವುದಕ್ಕೂ ಸರಿಹೋಯಿತು. ನಲ್ಲಿ ಕಿರುಗುಟ್ಟಿ ನಿಂತಿತು. ಯಾರೋ ಬಕೆಟ್ಟು ಎತ್ತಿದರು.

"ಇದು ಆತುರ ಅಲ್ಲ," ಎಂದಳು ನರ್ಸಕ್ಕ. "ಅವಳಿಗೆ ಸಿಕ್ಕಿರೋ ಹೊತ್ತೇ ಅಷ್ಟು. ಒಂದು ಬಕೆಟ್ಟು. ನಾನೂ ಎರಡು ವಾರ್ಡಿನ ಮಧ್ಯದ ಮೆಟ್ಟಿಲಲ್ಲಿ ಗುನುಗೋದು ಹೀಗೇನೇ. ಬಾಗಿಲು ಬಂದ್ರೆ ಮುಗೀತು." ಆಮೇಲೆ ತನ್ನ ಚೀಲ ಎತ್ತಿಕೊಂಡಳು. "ಇಷ್ಟ ಆಯ್ತಾ ಅಂತ ಕೇಳಬೇಡಿ. ಆ ಹಳೇ ದನಿ ಕೇಳ್ಕೊಂಡು ನಾಲ್ಕು ತಿಂಗಳು ಮಲಗಿದೀನಿ ನಾನು. ಇವತ್ತಿಂದ ಅದೂ ಇಲ್ಲ. ನನಗೆ ಸಿಟ್ಟು ಬಂದಿದೆ ವೈರಮ್ಮ, ಸುಳ್ಳು ಯಾಕೆ ಹೇಳ್ಲಿ."

"ಇದನ್ನ ಕೇಳೋಕೆ ಬೇರೆ ಊರಿಂದ ಯಾಕಮ್ಮ ಬರ್ಬೇಕು ಜನ?" ಪ್ರೆಸ್ಸಿನವರು ಕೇಳಿದರು. ಜಗಳಕ್ಕಲ್ಲ, ನಿಜವಾಗಿಯೂ ಕೇಳಿದರು.

"ಗೊತ್ತಿಲ್ಲ ಸಾರ್."

"ನನ್ನ ಕೈಲಿ ಆಗಲ್ಲ. ಅಷ್ಟು ಬರೆದ ಮೇಲೆ ಅವರ ಮುಂದೆ ನಿಂತು ಬೆಲ್ಟು ಅನ್ನೋಕೆ ನನ್ನ ಬಾಯಿ ಬರಲ್ಲ."

"ನಾನು ಹೇಳ್ತೀನಿ," ಎಂದಳು ವೈರಮ್ಮ. ಆ ಮಾತು ತನ್ನದೇ ಎಂದು ತಿಳಿದದ್ದು ಹೇಳಿದ ಮೇಲೆಯೇ.

ಮುಂದಿನ ಭಾನುವಾರ ಮಾಳಿಗೆಯಲ್ಲಿ ಮೂವತ್ತು ಜನ. ಕುರ್ಚಿ ಸಾಲದೆ ಕಾಗದದ ಬಂಡಲುಗಳ ಮೇಲೂ ಕೂತಿದ್ದರು. ಪ್ರೆಸ್ಸಿನವರು ನಮಸ್ಕಾರ ಹೇಳಿ ಕೂತುಬಿಟ್ಟರು. ಲೇಖನದ ಪ್ರತಿಗಳು ಎಲ್ಲೂ ಕಾಣಲಿಲ್ಲ. ಹಿಂಬದಿ ಖಾಲಿಯಿದ್ದುದರಿಂದ ಕತ್ತರಿಸಿ ಚೀಟಿ ಪುಸ್ತಕ ಮಾಡಿಸಿದ್ದೇನೆಂದು ಕಂಡಕ್ಟರಣ್ಣನಿಗೆ ಹೇಳಿದ್ದರಂತೆ. ನರ್ಸಕ್ಕ ಬಂದಿರಲಿಲ್ಲ. ಪಾಳಿಯಿತ್ತೋ ಸಿಟ್ಟಿತ್ತೋ ತಿಳಿಯಲಿಲ್ಲ.

ವೈರಮ್ಮ ಎದ್ದು ನಿಂತು ಯಾರ ಮುಖವನ್ನೂ ನೋಡದೆ, ಸ್ಪೀಕರಿನ ಜಾಲರಿ ನೋಡುತ್ತ, ಏಳೆಂಟು ಮಾತು ಹೇಳಿದಳು. ಬೆಲ್ಟಿನದು, ಆರು ನಿಮಿಷದ್ದು, ಬಕೆಟ್ಟಿನದು. ಹಾಡು ಹಾಕಿದಳು. ಜನ ಮರ್ಯಾದೆಗೆ ಕೇಳಿದರು. ಕೊನೆಯಲ್ಲಿ ಒಬ್ಬರು ಎದ್ದು, "ಬಹಳ ದೂರದಿಂದ ಬಂದಿದ್ದೀವಿ, ಆ ಹಳೇದನ್ನೂ ಒಂದ್ಸಲ ಹಾಕಿಬಿಡಮ್ಮ," ಎಂದರು. ಹೌದು ಹೌದು ಎಂದು ಹಲವು ದನಿ ಸೇರಿದವು. ಅವಳು ಇಲ್ಲವೆಂದು ತಲೆಯಾಡಿಸಿದಳು. ಕೆಲವರು ಚಹಾಕ್ಕೂ ನಿಲ್ಲದೆ ಮೆಟ್ಟಿಲಿಳಿದರು. ಒಬ್ಬ ಹೆಂಗಸು ಮಾತ್ರ ಹತ್ತಿರ ಬಂದು, ಆ ಬಕೆಟ್ಟಿನ ಹಾಡು ಕಳಿಸು ಎಂದು ಫೋನು ಚಾಚಿದಳು. ಕಳಿಸಿದಳು. ವೈರು ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟಾಗ ಪ್ರೆಸ್ಸಿನವರು ಖಾಲಿ ಲೋಟಗಳನ್ನು ಜೋಡಿಸುತ್ತಿದ್ದರು. ಮುಂದಿನ ವಾರ ಬಾ ಎಂದೂ ಅನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ.

ಮನೆಗೆ ಹೋಗುವ ಸಂಜೆಯ ಬಸ್ಸು ಅರ್ಧ ಖಾಲಿಯಿತ್ತು. ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಬೇಕೆನ್ನುವಷ್ಟರಲ್ಲಿ ಮುಂದಿನ ಸಾಲಿನಿಂದ ಕೇಳಿಸಿತು. ನಿಧಾನದಮ್ಮ. ಯಾವುದೋ ಕಾರ್ಖಾನೆಯ ಸಮವಸ್ತ್ರದ ಹೆಂಗಸು ಕಿಟಕಿಯ ಗಾಜಿಗೆ ಹಣೆ ಇಟ್ಟು, ಎದೆಯ ಮೇಲೆ ಫೋನು ಇಟ್ಟುಕೊಂಡು ಕೇಳುತ್ತಿದ್ದಳು. ಯಾರು ಯಾರಿಗೆ ದಾಟಿಸಿ ಅವಳ ಕೈಗೆ ಬಂತೋ. ಬೆರಳ ತುದಿಗಳಲ್ಲಿ ಸಣ್ಣ ಸಣ್ಣ ಪಟ್ಟಿ ಅಂಟಿಸಿಕೊಂಡಿದ್ದಳು. ಮುಖದ ಗಂಟು ಒಂದೊಂದಾಗಿ ಬಿಡುತ್ತಿತ್ತು.

ಹೋಗಲಿ ಬಿಡು, ಮಲಗಲಿ ಪಾಪ ಎಂದುಕೊಂಡಳು ವೈರಮ್ಮ. ಇಂಥ ಎಷ್ಟು ಫೋನುಗಳಿವೆಯೋ, ಎಷ್ಟು ಬಸ್ಸುಗಳಿವೆಯೋ, ಎಲ್ಲರ ಹಿಂದೆ ಓಡಲಾಗುತ್ತದೆಯೇ? ಹಾಗೆಂದುಕೊಳ್ಳುತ್ತಲೇ ಎದ್ದು, ಕಂಬಿ ಹಿಡಿದು, ಆ ಸೀಟಿನ ಪಕ್ಕ ಹೋಗಿ ನಿಂತಳು. ನಡುವೆ ತಡೆಯಲು ಮನಸ್ಸು ಬರಲಿಲ್ಲ. ಹಾಡು ಮುಗಿಯುವ ತನಕ ನಿಂತಳು. ತಾನು ಇಳಿಯಬೇಕಿದ್ದ ಸ್ಟಾಪು ಬಂತು, ಹೋಯಿತು.

"ಅಕ್ಕಾ," ಎಂದಳು. "ಈ ಹಾಡಿನ ಬಗ್ಗೆ ಒಂದು ಮಾತು ಹೇಳ್ಬೇಕಿತ್ತು."

ಹೆಂಗಸು ಕಣ್ಣು ತೆರೆದು, ಇವಳು ಯಾರೆಂದು ತಿಳಿಯದೆ ಮೇಲಿನಿಂದ ಕೆಳಗೆ ನೋಡಿದಳು. "ಮುಂದಿನ ಸ್ಟಾಪಿಗೆ ಇಳೀಬೇಕಮ್ಮ ನಾನು. ಬೇಗ ಹೇಳು."

ಅವಳು ಬೇಗ ಹೇಳಿದಳು.